ಎರಡು ಸಾಲೆಗಳು

ಭಟ್ಕಳ, ಹೊನ್ನಾವರ, ಕುಮಟಾಗಳ ಹಳ್ಳಿಗರ ನಾಲಗೆಯಲ್ಲಿ ಮಕ್ಕಳು ಅಕ್ಷರ ಕಲಿಯುವ ಮನೆಯು ‘ಸಾಲೆ’ಯಾಗುತ್ತದೆ, ಕಬ್ಬಿಣವನ್ನು ಕಾಯಿಸಿ ಬಡಿಯುವ ಕೊಟ್ಟಿಗೆಗೆ ಕನ್ನಡವು ಬಹುಕಾಲದಿಂದ ಕೊಟ್ಟಿರುವ ಹೆಸರೂ ‘ಕಮ್ಮಾರಸಾಲೆ’. ಎರಡೂ ‘ಶಾಲಾ’ ಎಂಬ ಒಂದೇ ಸಂಸ್ಕೃತ ಶಬ್ದದಿಂದ ಇಳಿದು ಬಂದವು. ವಿದ್ಯೆಯ ಮನೆಗೂ ಕಸುಬಿನ ಮನೆಗೂ ಭೇದವೆಣಿಸದೆ ಒಂದೇ ಹೆಸರಿಟ್ಟ ಭಾಷೆಯನ್ನಾಡುವ ನಾವು, ಈಚಿನ ಎರಡು ಮೂರು ತಲೆಮಾರುಗಳಲ್ಲಿ ಆ ಎರಡು ಸಾಲೆಗಳನ್ನು ಒಂದಕ್ಕೊಂದು ಹಗೆಯಾಗಿಸಿಕೊಂಡಿದ್ದೇವೆ. ಆಚಾರಿಯ ಮಗನು ಕುಲುಮೆಯ ಮುಂದೆ ಕುಳಿತುದನ್ನು ಕಂಡರೆ ‘ಹುಡುಗನ ಓದು ಕೆಟ್ಟಿತು’ ಎಂದು ಮರುಗುತ್ತೇವೆ. ಅವನು ಬೆಂಗಳೂರಿಗೋ ದುಬಾಯಿಗೋ ಹೋದನೆಂದು ಕೇಳಿದರೆ ‘ಕಸುಬು ಕೆಟ್ಟಿತು’ ಎಂದು ಮರುಗುತ್ತೇವೆ. ಎರಡು ಮರುಕಗಳೂ ಒಂದೇ ಬಾಯಿಂದ ಹೊರಡುತ್ತಿರುವಾಗ, ಇವುಗಳಲ್ಲಿ ಕಾಳಜಿ ಎಷ್ಟು, ವಾಡಿಕೆಯ ಮಾತು ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಅವಶ್ಯವಾಗಿದೆ.

ಈ ಕರಾವಳಿಯ ಬದುಕು ಅಲಗಿನ ಬಾಯಿಯ ಮೇಲೆ ಎಷ್ಟರಮಟ್ಟಿಗೆ ನಿಂತಿದೆಯೆಂಬುದು ದಿನವೂ ಕಾಣುವವರ ಕಣ್ಣಿಗೆ ಬೀಳದ ಸಂಗತಿ. ಸೊಪ್ಪು ಸವರಲು ಹೊರಟವನ ಸೊಂಟದ ಕೊಕ್ಕೆಯಲ್ಲಿ ತೂಗುವ ಬಾಗುಮೊನೆಯ ಕತ್ತಿ, ಅಡಿಗೆಮನೆಯ ನೆಲದಲ್ಲಿ ಕಾಲಿನಿಂದ ಮೆಟ್ಟಿ ಹಿಡಿದು ಬಂಗಡೆಯನ್ನೂ ಹಲಸಿನ ಕಾಯನ್ನೂ ಸಮಾನವಾಗಿ ಹೆಚ್ಚುವ ಮೆಟ್ಟುಗತ್ತಿ, ಅಡಿಕೆಮರದ ತುದಿಯಲ್ಲಿ ತೂಗಾಡುತ್ತ ಕೊನೆಗಾರನು ಒಂದೇ ಬೀಸಿಗೆ ಕೊನೆಯನ್ನು ಕಡಿಯುವ ಕತ್ತಿ, ಎಲೆಯಡಿಕೆಯ ತಟ್ಟೆಯ ಅಡಕತ್ತರಿ, ಹೆರೆಮಣೆಯ ಹಲ್ಲು, ಅಘನಾಶಿನಿಯ ಉಪ್ಪುನೀರಿನ ಗಜನಿಗಳಲ್ಲಿ ಕಗ್ಗ ಭತ್ತದ ತೆನೆ ಕೊಯ್ಯುವ ಕುಡುಗೋಲು: ಇವುಗಳಲ್ಲಿ ಒಂದರ ಬಾಗು ಇನ್ನೊಂದಕ್ಕಿಲ್ಲ, ಒಂದರ ತೂಕ ಇನ್ನೊಂದಕ್ಕೆ ಸಲ್ಲದು. ಕಾರ್ಖಾನೆಯಲ್ಲಿ ಅಚ್ಚಿನಿಂದ ಕತ್ತರಿಸಿದ ಚಾಕು ಎಲ್ಲರ ಕೈಗೂ ಒಂದೇ ಅಳತೆಯದಾಗಿ ಬರುತ್ತದೆ. ಆಚಾರಿಯ ಕತ್ತಿಯಾದರೋ ಕೊಳ್ಳುವವನು ಎಡಚನೋ ಬಲಚನೋ, ಅವನ ಅಂಗೈ ಎಷ್ಟು ಅಗಲ, ಅವನ ಹಿತ್ತಲಲ್ಲಿ ಮೊಳೆಯುವುದು ಬಿದಿರೋ ಬರಿಯ ಲಂಟಾನದ ಪೊದೆಯೋ ಎಂಬುದನ್ನೆಲ್ಲ ಬಲ್ಲುದು. ಇಂತಹ ಪರಿಚಯವುಳ್ಳ ಕಸುಬು ಊರಿನೊಳಗೇ ಬದುಕಬೇಕು, ಮನೆಯೊಳಗೇ ಕಲಿಯಬೇಕು. ಬೇರೊಂದು ಎಡೆಯಲ್ಲಿ ಕಲಿತುಬಂದುದನ್ನು ಇಲ್ಲಿ ಬಿಚ್ಚಿ ಹರಡಲಾಗುವುದಿಲ್ಲ.

ಈ ಮಾತಿಗೆ ಆಧಾರವೇನೆಂದು ಕೇಳುವವರು ಒಂದು ಕತ್ತಿಗೆ ಹದ ಹಾಕುವ ಬಗೆಯನ್ನು ನಿಂತು ನೋಡಬೇಕು. ಸಾಮಾನ್ಯವಾಗಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಕತ್ತಿಯ ತಾಯಿ. ಅದರಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲವಿರುವುದರಿಂದ ಅದು ಉಕ್ಕಿನ ಗುಣವನ್ನು ಪಡೆದಿರುತ್ತದೆ. ಕರಟದ ಇದ್ದಲಿನ ಕೆಂಡದಲ್ಲಿ ಅದನ್ನು ಮತ್ತೆ ಮತ್ತೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು, ಆಕಾರಕ್ಕೆ ತಂದು, ಅರದಿಂದ ಉಜ್ಜಿ ಬಾಯಿ ತೆಗೆದ ಮೇಲೆಯೇ ನಿಜವಾದ ಪರೀಕ್ಷೆ ಆರಂಭವಾಗುವುದು. ಉಕ್ಕು ೭೭೦ ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಅಯಸ್ಕಾಂತದ ಸೆಳೆತಕ್ಕೆ ಒಳಗಾಗದಂತಾಗುತ್ತದೆ. ಅದಕ್ಕಿಂತ ಇನ್ನೂ ಕೊಂಚ ಮೇಲಕ್ಕೇರಿ, ಎಂಟುನೂರನ್ನು ದಾಟಿದ ಕೆಂಪಿನಲ್ಲಿ, ಅದನ್ನು ನೀರಿಗೋ ಎಣ್ಣೆಗೋ ಇಳಿಸಬೇಕು. ಕೆಂಪಿನಲ್ಲಿ ಕೆಂಪು ಹಲವುಂಟು. ಬಿಸಿಲಿನಲ್ಲಿ ಅವುಗಳ ಭೇದ ತಿಳಿಯದೆಂದೇ ಕುಲುಮೆಯ ಕೊಟ್ಟಿಗೆಯನ್ನು ಮಬ್ಬಾಗಿರಿಸುವುದು. ಬಡತನವು ಅದಕ್ಕೆ ಕಾರಣವೆಂದು ತಿಳಿಯುವವರು ಎಡವುತ್ತಾರೆ. ಹಾಗೆ ನೀರು ಕುಡಿದ ಅಲಗು ಗಾಜಿನಂತೆ ಗಡುಸಾಗಿ, ಗಾಜಿನಂತೆಯೇ ಒಡೆಯುವಂತಾಗಿರುತ್ತದೆ. ಅದರ ಬಾಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಶಾಖ ಕೊಟ್ಟರೆ, ಲೋಹದ ಮೇಲೆ ಬಣ್ಣಗಳು ಹರಿಯತೊಡಗುತ್ತವೆ: ೨೨೦ ಡಿಗ್ರಿಗಳ ಸುಮಾರಿಗೆ ಒಣಹುಲ್ಲಿನ ಹಳದಿ, ೨೬೦ರ ಹತ್ತಿರ ಕಂದು, ೨೮೦ರಲ್ಲಿ ನೇರಳೆ, ಮುನ್ನೂರರಲ್ಲಿ ನೀಲಿ. ಮೀನು ಹೆಚ್ಚುವ ಅಲಗನ್ನು ಹಳದಿಯಲ್ಲಿಯೇ ನಿಲ್ಲಿಸಬೇಕು. ಕಟ್ಟಿಗೆ ಕಡಿಯುವ ಕತ್ತಿಯು ಕಂದನ್ನು ದಾಟಿ ನೇರಳೆಯ ಹೊಸ್ತಿಲಿಗೆ ಬರಬೇಕು. ಒಂದು ಬಣ್ಣದಿಂದ ಇನ್ನೊಂದಕ್ಕೆ ಕೆಲವೇ ಉಸಿರುಗಳ ಅಂತರ. ಆ ಕ್ಷಣವನ್ನು ತಪ್ಪಿದ ಕತ್ತಿ ಒಂದೋ ಗಂಟಿಗೆ ತಾಗಿ ಮುಕ್ಕಾಗುತ್ತದೆ, ಇಲ್ಲವೇ ಎರಡು ದಿನದಲ್ಲಿ ಮೊಂಡಾಗುತ್ತದೆ.

ಈ ಅಂಕೆಗಳನ್ನು ನಾನು ಪುಸ್ತಕಗಳಿಂದ ಹೇಳಬಲ್ಲೆನಾದರೂ ಆ ಬಣ್ಣಗಳನ್ನು ಹಿಡಿದು ನಿಲ್ಲಿಸಲಾರೆ. ಆಚಾರಿಗೆ ಅಂಕೆಗಳು ಬೇಡ, ಅವನ ಕಣ್ಣಿಗೆ ಹದ ತಿಳಿದಿದೆ. ಉಳುವ ಮಣ್ಣಿಗೂ ಬೇಯುವ ಪಾಕಕ್ಕೂ ಕಾಯುವ ಉಕ್ಕಿಗೂ ಕನ್ನಡವು ‘ಹದ’ ಎಂಬ ಒಂದೇ ಶಬ್ದವನ್ನು ಬಳಸುವುದರ ಅರ್ಥ, ಇವೆಲ್ಲವೂ ಇಂದ್ರಿಯಗಳ ದೀರ್ಘಾಭ್ಯಾಸದಿಂದ ಮಾತ್ರ ಕೈಗೂಡುವ ಜ್ಞಾನವೆಂಬುದೇ. ನಾಲಗೆಗೆ ತಾಯ್ನುಡಿ ಕೂಡುವಂತೆ, ಕೈಗೆ ತಾಳ ಕೂಡುವಂತೆ, ಕಣ್ಣಿಗೆ ಈ ಹದ ಕೂಡುವುದು ಎಳವೆಯಲ್ಲಿ. ಇಪ್ಪತ್ತರ ಪ್ರಾಯದಲ್ಲಿ ಕಲಿಯಬರುವವನು ಕಲಿಯಲಾರನೆಂದಲ್ಲ, ಆದರೆ ಮಗುವು ಆಟದ ನಡುವೆ ಅರಿಯದೆ ಪಡೆದುಕೊಳ್ಳುವುದನ್ನು ಅವನು ವರ್ಷಗಟ್ಟಲೆ ಬೆವರಿಳಿಸಿ ಪಡೆಯಬೇಕಾಗುತ್ತದೆ. ಹೆತ್ತವರ ಕುಲುಮೆಯಲ್ಲಿ ಬೆಳೆಯುವ ಮಗುವಿಗಿರುವ ಈ ಅನುಕೂಲವನ್ನು ಅಲ್ಲಗಳೆದು ಯಾವ ಶಿಕ್ಷಣವಿಚಾರವನ್ನೂ ಪ್ರಾಮಾಣಿಕವಾಗಿ ಮಾಡಲಾಗದು.

ಆದರೆ ಇಲ್ಲಿಗೇ ನಿಂತರೆ ನಾವು ಒಂದು ದೊಡ್ಡ ಅನ್ಯಾಯಕ್ಕೆ ನೆರವಾದಂತಾಗುತ್ತದೆ. ‘ಎಳವೆಯಲ್ಲಿಯೇ ಕಲಿಯಬೇಕು, ಮನೆಯಲ್ಲಿಯೇ ಕಲಿಯಬೇಕು’ ಎಂಬ ಮಾತನ್ನು ಮುಂದಕ್ಕೆಳೆದರೆ ಅದು ‘ಕಮ್ಮಾರನ ಮಗ ಕಮ್ಮಾರನಾಗಿಯೇ ಇರಬೇಕು’ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ, ಮುಟ್ಟಿಯೂ ಇತ್ತು. ೧೯೫೩ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠದ ಹೊತ್ತನ್ನು ದಿನಕ್ಕೆ ಮೂರು ಗಂಟೆಗಳಿಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂತಮ್ಮ ಹೆತ್ತವರ ಕಸುಬನ್ನು ಕಲಿಯಬೇಕೆಂಬ ಯೋಜನೆಯನ್ನು ತಂದರು. ಶಾಲೆಗಳ ಕೊರತೆಯನ್ನು ನೀಗಿಸುವ ಸದುದ್ದೇಶವೂ ಅದರ ಹಿಂದೆ ಇದ್ದಿತು. ಆದರೆ ಪೆರಿಯಾರ್ ರಾಮಸ್ವಾಮಿಯವರೂ ಇತರರೂ ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಎದ್ದುನಿಂತರು. ಮರುವರ್ಷ ಕಾಮರಾಜರು ಅಧಿಕಾರಕ್ಕೆ ಬಂದೊಡನೆ ಯೋಜನೆಯು ರದ್ದಾಯಿತು. ಆ ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯು ಕಾಸರಗೋಡು ಸಮೇತ ಮದರಾಸು ರಾಜ್ಯದಲ್ಲಿದ್ದಿತು. ೧೮೬೨ರಲ್ಲಿಯೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವು ಮುಂಬಯಿ ರಾಜ್ಯದಲ್ಲಿದ್ದಿತು. ಎಂದರೆ ಭಟ್ಕಳದ ತೆಂಕಣ ಎಲ್ಲೆಯೇ ಎರಡು ರಾಜ್ಯಗಳ ಎಲ್ಲೆ. ಆ ಎಲ್ಲೆಯ ಈಚೆಗೆ ಅದೇ ೧೯೫೩ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ, ಗೇಣಿದಾರರ, ಬೆಸ್ತರ, ಕೂಲಿಕಾರರ ಮಕ್ಕಳಿಗೂ ಎಟುಕುವಂತೆ ಉತ್ತರ ಕನ್ನಡದ ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳನ್ನು ತೆರೆಯುವ ಕಾರ್ಯಕ್ಕೆ ತೊಡಗಿದರು. ಒಂದೇ ವರ್ಷದಲ್ಲಿ, ಒಂದೇ ಕರಾವಳಿಯ ಅಕ್ಕಪಕ್ಕದಲ್ಲಿ, ಒಂದು ಆಲೋಚನೆ ಮಗುವನ್ನು ತಂದೆಯ ಕಸುಬಿನ ಕಡೆಗೆ ತಿರುಗಿಸಿತು. ಇನ್ನೊಂದು ಆಲೋಚನೆ ಮಗುವಿನ ಮುಂದೆ ಊರಿನಾಚೆಯ ದಾರಿಯೊಂದನ್ನು ತೆರೆಯಿತು. ಇವೆರಡರಲ್ಲಿ ಆ ಹೊತ್ತಿಗೆ ಬೇಕಾಗಿದ್ದುದು ಯಾವುದೆಂದು ಕೇಳಿದರೆ ನಾನು ಕ್ಷಣವೂ ತಡೆಯದೆ ದೇಸಾಯಿಯವರ ಪಕ್ಷದಲ್ಲಿ ನಿಲ್ಲುತ್ತೇನೆ.

ಇದಕ್ಕೆ ಹದಿನಾರು ವರ್ಷ ಮೊದಲು, ೧೯೩೭ರಲ್ಲಿ, ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿಯೂ ಕೈಕಸುಬೇ ಕೇಂದ್ರವಾಗಿದ್ದಿತಲ್ಲವೆ ಎಂದು ಕೆಲವರು ಕೇಳಬಹುದು. ಅಹುದು, ಆದರೆ ಭೇದವಿರುವುದು ಇಲ್ಲಿಯೇ. ವಾರ್ಧಾ ಯೋಜನೆಯಲ್ಲಿ ಕಸುಬು ಎಲ್ಲ ಮಕ್ಕಳಿಗೂ ಇದ್ದಿತು. ಬ್ರಾಹ್ಮಣನ ಮಗನೂ ನೂಲಬೇಕು, ನೇಕಾರನ ಮಗನೂ ಗಣಿತ ಕಲಿಯಬೇಕು. ಮದರಾಸಿನ ಯೋಜನೆಯಲ್ಲಿ ಪ್ರತಿಯೊಂದು ಮಗುವಿಗೂ ಅದರ ತಂದೆಯದೇ ಕಸುಬು. ಕಸುಬಿಗೆ ಮರ್ಯಾದೆ ಬಂದುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಬಂದುದು ಜಾತಿಗೆ ಬೇಲಿ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರಿದಾಗಲೂ ಅವರು ಎತ್ತಿಹಿಡಿದುದು ದುಡಿಮೆಯ ಘನತೆಯನ್ನೇ ಹೊರತು ಹುಟ್ಟಿನ ಕಟ್ಟನ್ನಲ್ಲ. ನಮ್ಮಲ್ಲಿ ಪರಂಪರೆಯನ್ನು ಹೊಗಳುವ ಭಾಷಣಗಳು ಈ ಸೂಕ್ಷ್ಮವನ್ನು ಮರೆಯುವುದರಿಂದಲೇ, ಆಚಾರಿಯ ಮಗನು ಆ ಭಾಷಣಗಳನ್ನು ಕೇಳಿ ಎದ್ದುಹೋಗುತ್ತಾನೆ. ಅವನು ಎದ್ದುಹೋಗುವುದು ನ್ಯಾಯವಾಗಿಯೇ ಇದೆ.

ಹಾಗಾದರೆ ಮಗುವು ಕುಲುಮೆಯಲ್ಲಿ ಕಲಿಯಬಹುದೇ, ಬಾರದೇ? ನಮ್ಮ ಕಾನೂನು ಒಂದು ನಡುದಾರಿಯನ್ನು ಹಿಡಿದಿದೆ. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಬಂದ ತಿದ್ದುಪಡಿಯು ಹದಿನಾಲ್ಕು ತುಂಬದ ಮಗುವನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂದು ವಿಧಿಸಿ, ಶಾಲೆಯ ಹೊತ್ತಿನ ಅನಂತರ ಅಥವಾ ರಜೆಯ ದಿನಗಳಲ್ಲಿ, ಅಪಾಯಕರವಲ್ಲದ ಕೆಲಸಗಳಲ್ಲಿ, ಅದು ತನ್ನ ಕುಟುಂಬಕ್ಕೆ ನೆರವಾಗಬಹುದೆಂದು ಒಂದು ಬಾಗಿಲನ್ನು ತೆರೆದಿಟ್ಟಿದೆ. ದೂರದಿಂದ ನೋಡಿದರೆ ಇದು ವಿವೇಕವೆಂದೇ ತೋರುವುದು. ಆದರೆ ನಮ್ಮ ಕರಾವಳಿಯ ಪಂಚಾಂಗವನ್ನು ಬಲ್ಲವರಿಗೆ ಅದರಲ್ಲಿನ ತೊಡಕು ಕೂಡಲೆ ಕಾಣುತ್ತದೆ. ಶಾಲೆಗೆ ಬೇಸಿಗೆಯ ರಜೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮಳೆ ಹಿಡಿಯುವ ಮುನ್ನ ಊರಿನ ಗುದ್ದಲಿ, ಹಾರೆ, ಕತ್ತಿಗಳೆಲ್ಲ ಹದಕ್ಕಾಗಿ ಕುಲುಮೆಯ ಮುಂದೆ ರಾಶಿ ಬೀಳುವುದೂ ಅದೇ ತಿಂಗಳುಗಳಲ್ಲಿ. ಮಗುವಿಗೆ ಬಿಡುವಿರುವಾಗ ತಂದೆಗೆ ಬಿಡುವಿಲ್ಲ. ತಂದೆಗೆ ಬಿಡುವಿರುವ ಜಡಿಮಳೆಯ ಶ್ರಾವಣದಲ್ಲಿ ಮಗು ಶಾಲೆಯಲ್ಲಿರುತ್ತದೆ. ಆದುದರಿಂದ ರಜೆಯಲ್ಲಿ ಕುಲುಮೆಗೆ ಬಂದ ಮಗುವು ವಿದ್ಯಾರ್ಥಿಯಾಗಿ ಬಂದರೂ ಸಂಜೆಯ ಹೊತ್ತಿಗೆ ಆಳಾಗಿಬಿಡುವ ಸಂಭವ ಬಹಳ. ಕಾನೂನು ಗಂಟೆಗಳನ್ನು ಎಣಿಸುತ್ತದೆ. ಎಣಿಸಬೇಕಾದುದು ಬೇರೆಯೇ ಇದೆ.

ಕಲಿಕೆಗೂ ದುಡಿಮೆಗೂ ಇರುವ ಗೆರೆಯನ್ನು ನಾನು ಹೀಗೆ ಎಳೆಯುತ್ತೇನೆ: ಆ ದಿನದ ಕೆಲಸವನ್ನು ಗೊತ್ತುಮಾಡಿದುದು ಯಾರ ಅವಶ್ಯಕತೆ? ನಾಳೆ ಬೆಳಿಗ್ಗೆ ಹತ್ತು ಕತ್ತಿಗಳನ್ನು ಕೊಡಬೇಕಾಗಿದೆಯೆಂದು ಮಗುವು ತಿದಿಯೊತ್ತಿದರೆ ಅದು ದುಡಿಮೆ, ಒತ್ತಿಸಿದವನು ಹೆತ್ತ ತಂದೆಯೇ ಆಗಿದ್ದರೂ. ಮಗುವಿಗೆ ಗಾಳಿಯ ಏರಿಳಿತ ತಿಳಿಯಲೆಂದು ಅದರ ಕೈಗೆ ತಿದಿಯನ್ನು ಕೊಟ್ಟು, ಬೆಂಕಿ ಕೆಟ್ಟರೂ ಕಬ್ಬಿಣ ಸುಟ್ಟರೂ ಸಹಿಸಿಕೊಂಡು, ಆ ಒಂದು ತುಂಡು ಉಕ್ಕು ಹಾಳಾಗಲೆಂದು ಬಿಟ್ಟುಕೊಟ್ಟರೆ ಅದು ಕಲಿಕೆ. ಕೆಡಿಸುವ ಸ್ವಾತಂತ್ರ್ಯವಿಲ್ಲದೆಡೆಯಲ್ಲಿ ಯಾರೂ ಏನನ್ನೂ ಕಲಿತುದಿಲ್ಲ. ಆದರೆ ಈ ಸ್ವಾತಂತ್ರ್ಯವನ್ನು ಕೊಡಲು ತಂದೆಯ ಕೈಯಲ್ಲಿ ಒಂದಿಷ್ಟು ಮಿಗತೆ ಬೇಕು. ಇದ್ದಲಿನ ಚೀಲದ ಬೆಲೆ ಎಣಿಸಿಕೊಂಡೇ ಬೆಂಕಿ ಹೊತ್ತಿಸುವವನು ಮಗುವಿನ ತಪ್ಪಿಗೆಂದು ಕೆಂಡವನ್ನು ಎಲ್ಲಿಂದ ತರುವನು? ಆದುದರಿಂದ ಮಗುವಿನ ಕಲಿಕೆಯ ಪ್ರಶ್ನೆಯು ಕೊನೆಗೆ ಕತ್ತಿಯ ಬೆಲೆಯ ಪ್ರಶ್ನೆಯಾಗಿಯೇ ಬಂದು ನಿಲ್ಲುತ್ತದೆ; ಆ ಮಾತಿಗೆ ಮುಂದೆ ಬರುತ್ತೇನೆ.

ಮೈಗೆ ಒದಗುವ ಅಪಾಯವನ್ನೂ ಮುಚ್ಚಿಡಬಾರದು. ಚಾಕುಗಳಿಗಾಗಿ ಲೋಕಪ್ರಸಿದ್ಧವಾದ, ೧೬೨೪ರಷ್ಟು ಹಿಂದೆಯೇ ಕತ್ತಿಗಾರರ ಸಂಘಕ್ಕೆ ಪಾರ್ಲಿಮೆಂಟಿನ ಮನ್ನಣೆ ಪಡೆದ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಸಾಣೆ ಹಿಡಿಯುವ ಕೆಲಸದವರು ಕಲ್ಲಿನ ಮತ್ತು ಲೋಹದ ಧೂಳನ್ನು ಉಸಿರಾಡಿ ನಡುಹರೆಯ ದಾಟುವ ಮುನ್ನವೇ ಸಾಯುತ್ತಿದ್ದರು. ಆ ಕೆಲಸಕ್ಕೆ ಅವರು ಸೇರಿದುದು ಬಾಲ್ಯದಲ್ಲಿ. ಇಂದು ನಮ್ಮ ಹಳ್ಳಿಯ ಕುಲುಮೆಗಳಿಗೂ ವಿದ್ಯುತ್ತಿನ ಗ್ರೈಂಡರು ಬಂದಿದೆ. ಅದು ತೋಳಿನ ನೋವನ್ನು ಇಳಿಸಿದೆಯಾದರೂ ಕೈಯರವು ಎಬ್ಬಿಸದಿದ್ದ ನುಣುಪು ಧೂಳನ್ನು ಎಬ್ಬಿಸುತ್ತದೆ, ಕಿಡಿಗಳನ್ನು ಕಣ್ಣಿನ ಎತ್ತರಕ್ಕೆ ಹಾರಿಸುತ್ತದೆ. ಕರಟ ಒಡೆದು ಕೊಡುವುದು, ದೂರ ಕುಳಿತು ಬಣ್ಣಗಳನ್ನು ಹೆಸರಿಸುವುದು, ತಣ್ಣಗಿನ ಕಬ್ಬಿಣವನ್ನು ಅರದಿಂದ ಉಜ್ಜುವುದು, ಹಿಡಿಗೆ ಮರ ಕೆತ್ತುವುದು: ಇವು ಎಳೆಯ ಕೈಗೆ ಸಲ್ಲುತ್ತವೆ. ಚಮ್ಮಟಿಗೆಯೂ ಗ್ರೈಂಡರೂ ಮೈ ಬಲಿಯುವವರೆಗೆ ಸಲ್ಲವು. ಬಲ್ಲ ಆಚಾರಿಗಳು ಇದನ್ನು ತಾವಾಗಿಯೇ ಪಾಲಿಸುತ್ತಾರೆ. ಬೆಂಕಿಗೆ ಹೆದರದ ಮಗುವನ್ನು ಅವರು ಹತ್ತಿರ ಬಿಡುವುದಿಲ್ಲ.

ಮಗ, ಮಗ ಎಂದು ಇಷ್ಟು ಹೊತ್ತು ಬರೆದುಬಂದೆನು. ಮಗಳ ಮಾತು ಏನು? ನಮ್ಮ ನಾಡಿನ ಕುಲುಮೆಗಳಲ್ಲಿ ತಿದಿಯೊತ್ತಿದ ಕೈ ಬಹುಮಟ್ಟಿಗೆ ಹೆಂಗಸಿನದು. ಗಂಡನು ಇಕ್ಕಳದಲ್ಲಿ ಕಬ್ಬಿಣ ಹಿಡಿದಿರಲು ಎದುರು ನಿಂತು ಚಮ್ಮಟಿಗೆ ಬೀಸಿದ ಹೆಂಡತಿಯರೂ ಉಂಟು. ಬೆಂಕಿಯ ಬಣ್ಣವನ್ನು ತಿದಿಯ ಬಳಿ ಕುಳಿತವಳಿಗಿಂತ ಹೆಚ್ಚು ನೋಡಿದವರು ಯಾರು? ಆದರೂ ಅವಳನ್ನು ಯಾರೂ ಆಚಾರಿಯೆಂದು ಕರೆಯಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹುಡುಗರಿಗೆ ಇಪ್ಪತ್ತಮೂರು, ಹುಡುಗಿಯರಿಗೆ ಹದಿಮೂರು ಪಾಠಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಜಗತ್ತಿನ ಬಹುಭಾಗವನ್ನು ಸುತ್ತಿದ ಅವನಿಗೆ ಅದು ಗಮನಾರ್ಹವೆಂದು ತೋರಿತು. ಅಕ್ಷರದ ಸಾಲೆಯ ಬಾಗಿಲನ್ನು ಆರೇಳು ಶತಮಾನಗಳ ಹಿಂದೆಯೇ ಹೆಣ್ಣುಮಕ್ಕಳಿಗೆ ತೆರೆದಿದ್ದ ಊರಿನಲ್ಲಿ ಕುಲುಮೆಯ ಸಾಲೆಯು ಮಾತ್ರ ಅವರನ್ನು ಹೊಸ್ತಿಲಲ್ಲಿಯೇ ಕೂರಿಸಿದುದು ಸರಿಯಲ್ಲ. ಮಗನಿಗೆ ಮನಸ್ಸಿಲ್ಲದೆ ಮುಚ್ಚಿದ ಕುಲುಮೆಗಳನ್ನು ಎಣಿಸುವ ನಾವು, ಆ ಮನೆಯ ಮಗಳನ್ನು ಕೇಳಿದ್ದೆವೋ ಎಂದು ಮೊದಲು ವಿಚಾರಿಸಬೇಕು.

ಇನ್ನು ಬೆಲೆಯ ಮಾತು. ಶಿರಸಿಯ ಅಡಿಕೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು, ಅಂಕೋಲೆಯ ಕರಿ ಈಶಾಡು ಮಾವಿಗೆ ೨೦೨೩ರಲ್ಲಿ ದೊರೆಯಿತು, ಸಂತೋಷ. ಆ ಅಡಿಕೆಯ ಕೊನೆಯನ್ನು ಕೊಯ್ದ ಕತ್ತಿಗೂ ಒಂದು ಹುಟ್ಟೂರಿದೆಯೆಂಬುದು ಮಾತ್ರ ಯಾರ ನೆನಪಿಗೂ ಬಂದಂತಿಲ್ಲ. ಕೇಂದ್ರ ಸರ್ಕಾರವು ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯು ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯನ್ನೂ ಸೇರಿಸಿ, ಉಪಕರಣಗಳಿಗೆ ೧೫,೦೦೦ ರೂಪಾಯಿಗಳನ್ನೂ ನೂರಕ್ಕೆ ಐದರ ಬಡ್ಡಿಯಲ್ಲಿ ಎರಡು ಕಂತುಗಳಾಗಿ ಮೂರು ಲಕ್ಷದವರೆಗೆ ಸಾಲವನ್ನೂ ಕೊಡಲು ಮುಂದಾದುದು ಒಳ್ಳೆಯದೇ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬವೆಂದೆಣಿಸಿ, ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಎಂಬ ನಿಯಮವನ್ನು ಅದರಲ್ಲಿ ಇಟ್ಟಿದ್ದಾರೆ. ತಂದೆ ಹೆಸರು ಬರೆಸಿದರೆ ಅದೇ ಬೆಂಕಿಯ ಮುಂದೆ ನಿಂತ ಇಪ್ಪತ್ತರ ಮಗಳಿಗೆ ಹೆಸರಿಲ್ಲ. ಕಸುಬು ದಾಟಿಹೋಗುವುದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ. ಅವೆರಡೂ ಒಂದೇ ಸೂರಿನಡಿ ಕೂಡಿ ದುಡಿಯುವ ಕೆಲವು ವರ್ಷಗಳೇ ಆ ದಾಟುವಿಕೆಯ ಸೇತುವೆ. ಆ ವರ್ಷಗಳಲ್ಲಿಯೇ ಇಬ್ಬರಲ್ಲೊಬ್ಬರನ್ನು ಲೆಕ್ಕದಿಂದ ಬಿಡುವ ನಿಯಮವು ಯೋಜನೆಯ ಉದ್ದೇಶಕ್ಕೇ ವಿರುದ್ಧವಾದುದು, ಅದನ್ನು ತಿದ್ದಲೇಬೇಕು.

ಜಪಾನಿನವರು ೧೯೭೪ರಲ್ಲಿ ತಮ್ಮ ಪಾರಂಪರಿಕ ಕಸುಬುಗಳ ಕಾನೂನನ್ನು ಮಾಡಿದಾಗ, ಮನ್ನಣೆಗೆ ಅರ್ಹವಾದ ವಸ್ತುವು ಮುಖ್ಯವಾಗಿ ನಿತ್ಯಜೀವನದಲ್ಲಿ ಬಳಕೆಯಾಗುವಂತಹದಾಗಿರಬೇಕೆಂದು ವಿಧಿಸಿದರು. ಸಕಾಯಿ ನಗರದ ಚಾಕುಗಳು ಆ ಮನ್ನಣೆ ಪಡೆದಿವೆ. ಅಲ್ಲಿ ಅಲಗು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ, ಹಿಡಿ ಮಾಡುವವನು ಇನ್ನೊಬ್ಬ. ನಮ್ಮ ಆಚಾರಿ ಈ ಮೂರನ್ನೂ ಒಬ್ಬನೇ ಮಾಡುತ್ತಾನೆ. ಅಂದಚಂದದ ಕರಕುಶಲವಸ್ತುವಿಗೆ ನಮ್ಮಲ್ಲಿಯೂ ಗೌರವವುಂಟು. ಹೊನ್ನಾವರ, ಕುಮಟಾಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಗಾಜಿನ ಕಪಾಟಿನಲ್ಲಿಡುತ್ತೇವೆ. ಕತ್ತಿಯನ್ನು ಹಿತ್ತಲ ಗೋಡೆಗೆ ಸಿಕ್ಕಿಸುತ್ತೇವೆ. ಅದು ಅದರ ಸ್ಥಾನವೇ ಸರಿ, ಆದರೆ ಅದನ್ನು ಕೊಳ್ಳುವಾಗ ಮಾಡುವ ಚೌಕಾಸಿ ಅದಕ್ಕೆ ಸಲ್ಲದು. ಇದ್ದಲು, ಉಕ್ಕು, ಒಂದು ದಿನದ ತೋಳಿನ ಬಲ, ಮೂವತ್ತು ವರ್ಷದ ಕಣ್ಣು: ಇಷ್ಟಕ್ಕೆ ಹೇಳಿದ ಬೆಲೆಯಲ್ಲಿ ಕಾಲುಪಾಲು ಕಡಿಮೆ ಮಾಡಿಸಿ ಗೆದ್ದೆನೆಂದು ಮನೆಗೆ ಬರುವವನು, ಆ ಕಾಲುಪಾಲಿನಲ್ಲಿಯೇ ಆಚಾರಿಯ ಮಗುವಿನ ಕಲಿಕೆಯ ಕೆಂಡವಿದ್ದಿತೆಂಬುದನ್ನು ತಿಳಿಯನು.

‘ನನ್ನ ಪಾಡು ನನ್ನ ಮಕ್ಕಳಿಗೆ ಬೇಡ’ ಎಂದು ಹೇಳುವ ತಂದೆಯನ್ನು ಪರಂಪರೆಯ ದ್ರೋಹಿಯೆಂದು ಬಗೆಯುವವರು ಆ ಮಾತಿನ ಕೊನೆಯ ಶಬ್ದವನ್ನಷ್ಟೇ ಕೇಳಿರುತ್ತಾರೆ. ಅವನು ಬೇಡವೆನ್ನುತ್ತಿರುವುದು ಪಾಡನ್ನು, ವಿದ್ಯೆಯನ್ನಲ್ಲ. ಹದ ಹಾಕಿದ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಅದು ಜಾರುವುದೋ ಕಚ್ಚುವುದೋ ಎಂದು ನೋಡುವಾಗ ಅದೇ ತಂದೆಯ ಮುಖದಲ್ಲಿ ಮೂಡುವ ತೃಪ್ತಿಯನ್ನು ಕಂಡವರಿಗೆ ಈ ಭೇದ ತಿಳಿಯುತ್ತದೆ. ಮಗುವು ಹತ್ತನೆಯ ತರಗತಿಯನ್ನು ಮುಗಿಸಲಿ, ಕಾಲೇಜಿಗೆ ಹೋಗಲಿ, ಲೋಹಶಾಸ್ತ್ರವನ್ನೇ ಓದಲಿ; ಬೇಕೆಂದರೆ ಕುಲುಮೆಗೆ ಮರಳಲಿ, ಬೇಡವೆಂದರೆ ಮರಳದಿರಲಿ. ಮರಳುವವರು ಬೇರೆ ಜಾತಿಯ ಮನೆಯ ಮಕ್ಕಳಾದರೂ ಆಗಲಿ. ಖಾರ್ವಿಯ ಮಗಳು, ನಾಮಧಾರಿಯ ಮಗ, ನವಾಯತರ ಹುಡುಗ ಆಚಾರಿಯ ಕೊಟ್ಟಿಗೆಯಲ್ಲಿ ಕುಳಿತು ಹಳದಿಗೂ ಕಂದಿಗೂ ಇರುವ ಭೇದವನ್ನು ಕಲಿಯಬಾರದೆಂದು ಯಾವ ಶಾಸ್ತ್ರ ಹೇಳೀತು? ಹೇಳಿದರೂ ನಾವು ಅದನ್ನು ಏಕೆ ಕೇಳಬೇಕು?

ಇದಕ್ಕೆ ಹಳ್ಳಿಯ ಶಾಲೆಯ ಮಾಸ್ತರರು ನಾಳೆಯೇ ಒಂದು ಕೆಲಸ ಮಾಡಬಹುದು. ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ವಿಜ್ಞಾನದ ಪಾಠದಲ್ಲಿ ಲೋಹಗಳ ಅಧ್ಯಾಯ ಬಂದ ದಿನ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿಕೊಂಡು ಊರಿನ ಕುಲುಮೆಗೆ ಹೋಗಲಿ. ಜಡಿಮಳೆಯ ದಿನವಾದರೆ ಇನ್ನೂ ಒಳ್ಳೆಯದು. ಆಚಾರಿಗೆ ಬಿಡುವಿರುತ್ತದೆ, ಕೊಟ್ಟಿಗೆಯಲ್ಲಿ ಮಬ್ಬು ತುಂಬಿರುತ್ತದೆ, ಕಾದ ಉಕ್ಕಿನ ಕೆಂಪಿನ ಭೇದಗಳು ಚೆನ್ನಾಗಿ ಕಾಣುತ್ತವೆ. ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಆಚಾರಿಯ ಮಗಳು ಅಂದು ಮುಂದೆ ಬಂದು ನಿಂತು, ಅಲಗಿನ ಮೇಲೆ ಹರಿಯುವ ಬಣ್ಣವನ್ನು ನೋಡುತ್ತ, ಉಳಿದವರಿಗೆ ಇನ್ನೂ ಏನೂ ಕಾಣದಿರುವಾಗಲೇ ‘ಈಗ’ ಎನ್ನುವಳು. ಅಪ್ಪನು ಇಕ್ಕಳವನ್ನು ನೀರಿಗಿಳಿಸುವನು.